ಹಳ್ಳಕ್ಕೆ ಪಂಪು ಇಳಿಸುವ ಮುಂಚೆ

ಮೂಡಿಗೆರೆ ಕಡೆಯ ಓದುಗರೊಬ್ಬರ ಪತ್ರ: 'ಹೊಳೆ ಮರಳಿನಲ್ಲಿ ಚಿನ್ನ ಹುಡುಕುವ ವಿಡಿಯೊ ನೋಡಿ ಆಸೆಯಾಯಿತು. ಸಣ್ಣದೊಂದು ಸಕ್ಷನ್ ಪಂಪು, ಮರಳು ತೊಳೆಯುವ ಸ್ಲೂಸ್ ಬಾಕ್ಸ್ ತರಿಸಿದ್ದೇನೆ. ಹಳ್ಳ ಹರಿಯುವುದು ನಮ್ಮ ತೋಟದೊಳಗೇ. ಮಾರುವ ಉದ್ದೇಶ ಇಲ್ಲ, ಬರೀ ಹವ್ಯಾಸ. ಇದಕ್ಕೂ ಪರ್ಮಿಷನ್ ಬೇಕಾ? ನುಣ್ಣನೆ ಚಿನ್ನದ ಪುಡಿ ಹಿಡಿಯಲು ಪಾದರಸ ಹಾಕಬಹುದಾ?'

ಸಂಪಾದಕರ ಉತ್ತರ:

ದಯವಿಟ್ಟು ಆ ಪಂಪನ್ನು ಹಳ್ಳಕ್ಕೆ ಇಳಿಸಬೇಡಿ.

ತೋಟ ನಿಮ್ಮದು, ಪಹಣಿಯಲ್ಲಿ ಹೆಸರೂ ನಿಮ್ಮದೇ ಇರಬಹುದು. ಆದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಸೆಕ್ಷನ್ ಪ್ರಕಾರ ಹೊಳೆ, ಹಳ್ಳ, ಅವುಗಳ ತಳ ಸಾಮಾನ್ಯವಾಗಿ ಸರ್ಕಾರದ ಸ್ವತ್ತು. ಇನ್ನು ಚಿನ್ನದ ಮಾತು. 1957ರ ಗಣಿ ಮತ್ತು ಖನಿಜ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಗಣಿಗಾರಿಕೆ ಇರಲಿ, ಖನಿಜ ಹುಡುಕುವುದಕ್ಕೂ ಇಳಿಯುವಂತಿಲ್ಲ. ಹವ್ಯಾಸಿಗಳಿಗೆ ಅಂತ ಅದರಲ್ಲಿ ಬೇರೆ ದಾರಿ ಬಿಟ್ಟಿಲ್ಲ. ತಪ್ಪಿದರೆ ಐದು ವರ್ಷದವರೆಗೆ ಜೈಲು, ಹೆಕ್ಟೇರಿಗೆ 5 ಲಕ್ಷದವರೆಗೆ ದಂಡ, ಜೊತೆಗೆ ಪಂಪು, ಗಾಡಿ ಎಲ್ಲಾ ಜಪ್ತಿ. ಪಕ್ಕದಲ್ಲೇ ಕಾಡಿದ್ದರೆ ಅರಣ್ಯ ಇಲಾಖೆಯ ಕಾನೂನುಗಳೂ ಬಂದು ಸೇರುತ್ತವೆ.

ವಿಡಿಯೊದಲ್ಲಿ ಮಾಡ್ತಾರಲ್ಲ ಅಂತೀರಿ. ಅಲ್ಲೂ ಮನಸ್ಸಿಗೆ ಬಂದ ಹಾಗೆ ಮಾಡುವಂತಿಲ್ಲ. ನ್ಯೂಜಿಲೆಂಡಿನಲ್ಲಿ ಹವ್ಯಾಸಿಗಳಿಗೆ ಬಿಟ್ಟ ಜಾಗಗಳಲ್ಲಿ ತಟ್ಟೆ, ಸಲಿಕೆಯಂಥ ಕೈ ಸಾಮಾನು ಮಾತ್ರ, ಮೋಟಾರು ಕೂಡದು. ಚಿನ್ನದ ಹುಚ್ಚಿಗೇ ಹೆಸರಾದ ಕ್ಯಾಲಿಫೋರ್ನಿಯಾ 2009ರಲ್ಲೇ ಹೊಳೆಗಳಲ್ಲಿ ಸಕ್ಷನ್ ಡ್ರೆಡ್ಜ್‌, ಅಂದರೆ ಪಂಪಿನಿಂದ ತಳದ ಮರಳು ಹೀರುವುದನ್ನು, ನಿಲ್ಲಿಸಿತು.

ಯಾಕೆ ಅಂದರೆ, ಪಂಪು ಹೀರುವುದು ಮರಳನ್ನಷ್ಟೇ ಅಲ್ಲ. ನಿಮ್ಮ ತಾಲ್ಲೂಕಿನ ಕೊಟ್ಟಿಗೆಹಾರದ ಹೆಸರಿನದೇ ಒಂದು ಕುಣಿಯುವ ಕಪ್ಪೆ ಇದೆ, 1937ರಲ್ಲಿ ವಿಜ್ಞಾನಿ ಸಿ.ಆರ್. ನಾರಾಯಣರಾವ್ ಗುರುತಿಸಿದ್ದು. ಹಳ್ಳದ ಸದ್ದಿನಲ್ಲಿ ಕೂಗಿದರೆ ಸಾಲದು ಅಂತ ಈ ಜಾತಿಯ ಗಂಡು ಕಪ್ಪೆ ಕಲ್ಲಿನ ಮೇಲೆ ಕೂತು ಹಿಂಗಾಲು ಚಾಚಿ, ಬೆರಳು ಅಗಲಿಸಿ ತೋರಿಸುತ್ತದೆ. ಕುಣಿಯುವ ಕಪ್ಪೆಗಳಲ್ಲಿ ಹೆಣ್ಣು ಹಳ್ಳದ ತಳದ ಜಲ್ಲಿಯನ್ನು ಹಿಂಗಾಲಿನಲ್ಲಿ ಕೆದಕಿ, ಮೊಟ್ಟೆ ಇಟ್ಟು, ಮೇಲೆ ಮುಚ್ಚುತ್ತದೆ. ಮರಿಗಳು ಮರಳಿನೊಳಗೇ ಹುದುಗಿಕೊಂಡು ಬೆಳೆಯುವುದನ್ನೂ ಸಂಶೋಧಕರು ಕಂಡಿದ್ದಾರೆ. ನಿಮ್ಮ ಪೈಪು ಬಾಯಿ ಇಡುವುದು ಸರಿಯಾಗಿ ಅಲ್ಲಿಗೇ, ಅಲ್ವಾ? ಹೀರಿದ್ದು ಸ್ಲೂಸ್ ಪೆಟ್ಟಿಗೆ ಮೇಲೆ ಹಾದು ವಾಪಸ್ ನೀರಿಗೆ ಬೀಳುತ್ತದೆ ನಿಜ, ಆದರೆ ಎದ್ದ ಕೆಸರು ಕೆಳಗಡೆ ಜಲ್ಲಿಯ ಸಂದಿಗಳಲ್ಲಿ ಕೂತು ಅಲ್ಲಿನ ಮೀನಿನ ಮೊಟ್ಟೆಗಳಿಗೂ ಉಸಿರು ಕಟ್ಟಿಸುತ್ತದೆ. ನೀರಿಗೆ ಹೂಳು ಬಿದ್ದರೆ ಏನಾಗುತ್ತದೆ ಅಂತ ಭದ್ರಾ ದಂಡೆಯವರಿಗೆ ಚೆನ್ನಾಗಿ ಗೊತ್ತು. ಕುದುರೆಮುಖದ ಗಣಿ 2005ರ ಕೊನೆಗೆ ನಿಲ್ಲಲು ಆ ಹೂಳೂ ಒಂದು ದೊಡ್ಡ ಕಾರಣ.

ಪಾದರಸ ಮುಟ್ಟಲೇಬೇಡಿ. ಅದು ಕೆಸರಿನಲ್ಲಿ ಉಳಿದು, ಇನ್ನೂ ಕೆಟ್ಟ ವಿಷವಾಗಿ ಮೀನಿಗೆ, ಮೀನಿನಿಂದ ತಿನ್ನುವವರಿಗೆ ಬರುತ್ತದೆ. ಅದನ್ನು ಕಾಯಿಸಿ ಚಿನ್ನ ಬೇರೆ ಮಾಡಲು ಹೋದರೆ ಹೊಗೆ ನೇರ ನಿಮ್ಮ ಶ್ವಾಸಕೋಶಕ್ಕೆ.

ನಿಮ್ಮ ಕುತೂಹಲ ತಪ್ಪಲ್ಲ. ಹಾಸನ ಜಿಲ್ಲೆಯ ಕೆಂಪಿನಕೋಟೆಯಲ್ಲಿ ಹಳೇ ಚಿನ್ನದ ಗಣಿಯೇ ಇದೆ, ನಮ್ಮ ಕಡೆ ನೆಲದಲ್ಲಿ ಚಿನ್ನ ಇಲ್ಲ ಅಂತ ಯಾರೂ ಹೇಳುವುದಿಲ್ಲ. ತಟ್ಟೆ ಆಡಿಸಿ ಮರಳಿನಿಂದ ಚಿನ್ನ ಬೇರೆ ಮಾಡುವುದು ಕಲಿಯಬೇಕು ಅಂತಿದ್ದರೆ ಮನೆಯಂಗಳದಲ್ಲಿ ಟಬ್ಬಿಗೆ ನೀರು ತುಂಬಿ, ಕಟ್ಟಡಕ್ಕೆ ತಂದ ಮರಳಿಗೆ ಒಂದು ಹಿಡಿ ಕಬ್ಬಿಣದ ಚೂರು ಬೆರೆಸಿ ಸುಮ್ನೆ ತೊಳೆದು ನೋಡಿ. ಭಾರದ್ದು ತಳಕ್ಕಿಳಿದು ಉಳಿಯುವ ಆ ಕೈಚಳಕಕ್ಕೆ ಅಷ್ಟು ಸಾಕು. ಪಂಪನ್ನು ಮಾತ್ರ ಅಂಗಡಿಯವರು ತೆಗೆದುಕೊಳ್ಳುವುದಾದರೆ ಈ ವಾರವೇ ವಾಪಸ್ ಕಳಿಸಿ.