ಪೀಠಿಕೆ ಬಿಡಿ, ಅತ್ತೆಯ ಹತ್ತಿರ ಕೂರಿ

ಪ್ರಿಯ ಲೇಖಕಿಯವರಿಗೆ,

ನಮಸ್ಕಾರ. ‘ಅಭ್ಯಾಸ: ಕಲಿಕೆಯಲ್ಲಿ, ಕಲೆಯಲ್ಲಿ’ ಎಂಬ ನಿಮ್ಮ ಪ್ರಬಂಧವನ್ನು ಪೂರ್ತಿ ಓದಿದೆ. ಆರನೇ ಪುಟವನ್ನು ಮತ್ತೆ ಮತ್ತೆ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪತ್ರಿಕೆಗೆ ತೆಗೆದುಕೊಳ್ಳಲು ಆಗುವುದಿಲ್ಲ. ಆದರೆ ಆ ಆರನೇ ಪುಟ ಬರೆದವರಿಗೆ ‘ವಿಷಾದಿಸುತ್ತೇವೆ’ ಎಂದು ಎರಡು ಸಾಲು ಬರೆದು ಕೈತೊಳೆದುಕೊಳ್ಳುವುದು ಸರಿಯಲ್ಲ ಅನ್ನಿಸಿ ಇಷ್ಟುದ್ದ ಬರೆಯುತ್ತಿದ್ದೇನೆ. ಹೆಸರು ಬಿಟ್ಟು ಅಚ್ಚು ಹಾಕಲು ನೀವು ಒಪ್ಪಿದ್ದೀರಿ. ಹಾಗಾಗಿ ಪ್ರಬಂಧ ಓದದವರಿಗೂ ವಿಷಯ ಗೊತ್ತಾಗಲೆಂದು ಅದರ ಹಂದರ ಹೇಳಿ ಮುಂದುವರಿಯುತ್ತೇನೆ.

ಮೊದಲ ಎರಡು ಪುಟಗಳಲ್ಲಿ ಅಭ್ಯಾಸ, ಅಧ್ಯಯನ, ವ್ಯಾಸಂಗ, ಸಾಧನೆ ಎಂಬ ಮಾತುಗಳ ಅರ್ಥ ಬಿಡಿಸಿ ಒಂದೆರಡು ಸಂಸ್ಕೃತ ವಾಕ್ಯ ಕೊಟ್ಟಿದ್ದೀರಿ. ಆಮೇಲೆ ನಮ್ಮ ಶಾಲೆಗಳ ಬಾಯಿಪಾಠವನ್ನು ಖಂಡಿಸಿದ್ದೀರಿ. ನಾಲ್ಕು ಮತ್ತು ಐದನೇ ಪುಟಗಳಲ್ಲಿ ಯೂರೋಪಿನ ಚಿತ್ರಕಾರರು ದೊಡ್ಡ ಚಿತ್ರಕ್ಕೆ ಮೊದಲು ಮಾಡುತ್ತಿದ್ದ ಅಭ್ಯಾಸಚಿತ್ರಗಳ ಮಾತಿದೆ. ಆರನೇ ಪುಟದಲ್ಲಿ, ಹೊಸನಗರದ ಕಡೆಯ ನಿಮ್ಮ ಮನೆಯ ಜಗಲಿಯಲ್ಲಿ, ಮಳೆಗಾಲದ ಸಂಜೆ ಕರೆಂಟು ಹೋದಾಗ ನಿಮ್ಮ ಸೋದರತ್ತೆ ಕುಮಾರವ್ಯಾಸನ ಮೊದಲ ಷಟ್ಪದಿಯನ್ನು ಗಮಕಕ್ಕೆ, ಅಂದರೆ ಕಾವ್ಯವನ್ನು ರಾಗದಲ್ಲಿ ಓದುವುದಕ್ಕೆ, ಹದಗೊಳಿಸುತ್ತಾ ಕೂತಿರುತ್ತಾರೆ. ಮೊದಲ ಸಾಲಿನ ಕೊನೆಗೆ ಬಂದು ನಿಲ್ಲುತ್ತಾರೆ, ಹಿಂದಕ್ಕೆ ಹೋಗುತ್ತಾರೆ, ಮತ್ತೆ ಹೇಳುತ್ತಾರೆ. ಮಕ್ಕಳಾದ ನಿಮಗೆ ನಗು. ಅಷ್ಟಕ್ಕೆ ಆ ಪುಟ ಮುಗಿಯುತ್ತದೆ. ಏಳನೇ ಪುಟದಲ್ಲಿ ‘ಅತ್ತೆಗೆ ವೇದಿಕೆ ಸಿಗಲೇ ಇಲ್ಲ, ಅಷ್ಟು ವರ್ಷಗಳ ಅಭ್ಯಾಸ ವ್ಯರ್ಥವಾಯಿತು’ ಎಂದು ಮುಗಿಸಿದ್ದೀರಿ.

ಮೊದಲ ಎರಡು ಪುಟಗಳನ್ನು ತೆಗೆದುಹಾಕಿ. ಅರ್ಥಗಳ ಪಟ್ಟಿಯನ್ನು ಯಾರು ಬೇಕಾದರೂ ಕೊಡಬಲ್ಲರು. ಆ ಜಗಲಿಯಲ್ಲಿ ಕೂತವರು ನೀವೊಬ್ಬರೇ.

ಅಲ್ಲಿ ನಿಮ್ಮ ಅತ್ತೆ ಏನು ಮಾಡುತ್ತಿದ್ದರೆಂದು ನೀವು ವಿಚಾರಿಸಿಲ್ಲ. ಇಡೀ ಪ್ರಬಂಧದ ಕೊರತೆ ಇದೇ. ಅವರು ನಿಲ್ಲುತ್ತಿದ್ದ ಜಾಗ ನೋಡಿ. ‘ಶ್ರೀವನಿತೆಯರಸನೆ ವಿಮಲ ರಾ’ ಎಂಬಲ್ಲಿಗೆ ಮೊದಲ ಸಾಲು ಮುಗಿಯುತ್ತದೆ. ಎರಡನೆಯದು ‘ಜೀವಪೀಠನ ಪಿತನೆ ಜಗಕತಿ’ ಎಂದು ಶುರುವಾಗುತ್ತದೆ. ಕಮಲ ಎಂಬ ಅರ್ಥದ ರಾಜೀವ ಎಂಬ ಒಂದೇ ಪದ ಎರಡು ಸಾಲಿಗೆ ಹಂಚಿಹೋಗಿದೆ. ಭಾಮಿನಿ ಷಟ್ಪದಿಯ ಗಣಿತ ಹಾಗೆ ಕೇಳುತ್ತದೆ: ಒಂದು, ಎರಡು, ನಾಲ್ಕು, ಐದನೇ ಸಾಲುಗಳಿಗೆ 3-4-3-4ರ ನಡೆಯಲ್ಲಿ 14 ಮಾತ್ರೆ (ಹ್ರಸ್ವಾಕ್ಷರಕ್ಕೆ ಸಾಮಾನ್ಯವಾಗಿ ಒಂದು, ದೀರ್ಘಕ್ಕೆ ಎರಡು), ಮೂರು ಮತ್ತು ಆರನೇ ಸಾಲುಗಳಿಗೆ 3-4ರ ಜೋಡಿ ಮೂರು ಸಲ ಬಂದು ಕೊನೆಗೆ ಎರಡು ಮಾತ್ರೆಯ ಒಂದು ಗುರು, ಒಟ್ಟು 23. ಶ್ರೀವ, ನಿತೆಯರ, ಸನೆವಿ, ಮಲರಾ ಎಂದು ಬೆರಳು ಮಡಿಸಿ ಎಣಿಸಿ, 14ಕ್ಕೆ ಸರಿಯಾಗಿ ಕೂರುತ್ತದೆ. ಪ್ರಾಸವೂ ಅಲ್ಲೇ ಇದೆ. ಆರೂ ಸಾಲುಗಳ ಎರಡನೇ ಅಕ್ಷರ ವಕಾರವಾಗಬೇಕು. ‘ಶ್ರೀವ’ಕ್ಕೆ ‘ಜೀವ’ ಉತ್ತರ ಕೊಡಬೇಕಾದರೆ ‘ರಾ’ ಹಿಂದಿನ ಸಾಲಿನಲ್ಲೇ ಉಳಿಯಬೇಕು.

ಈಗ ಅತ್ತೆಯ ಕಷ್ಟ ತಿಳಿಯುತ್ತದೆ. ಸಾಲಿನ ಕೊನೆಯಲ್ಲಿ ಉಸಿರು ತೆಗೆದುಕೊಂಡರೆ ಛಂದಸ್ಸು ಚೆನ್ನಾಗಿ ಕೇಳುತ್ತದೆ, ಪ್ರಾಸ ಕಿವಿಗೆ ಬೀಳುತ್ತದೆ, ಆದರೆ ಪದ ಒಡೆದು ಕೇಳುವವನಿಗೆ ಕಮಲವೂ ಕಾಣುವುದಿಲ್ಲ, ಕಮಲಪೀಠದ ಬ್ರಹ್ಮನೂ ಕಾಣುವುದಿಲ್ಲ. ಒಂದೇ ಉಸಿರಿನಲ್ಲಿ ‘ವಿಮಲ ರಾಜೀವಪೀಠನ ಪಿತನೆ’ ಎಂದರೆ ಅರ್ಥ ನಿಲ್ಲುತ್ತದೆ, ಸಾಲಿನ ಗಡಿ ಅಳಿಸುತ್ತದೆ. ದಾಟಿದೆವು ಅನ್ನುವಷ್ಟರಲ್ಲಿ ‘ಜಗಕತಿ’ ಬಂದು ‘ಪಾವನನೆ’ಯನ್ನು ಮೂರನೇ ಸಾಲಿಗೆ ತಳ್ಳುತ್ತದೆ. ಗಮಕದಲ್ಲಿ ತಾಳದ ಕಟ್ಟಿಲ್ಲ. ಎಲ್ಲಿ ನಿಲ್ಲಬೇಕು, ಯಾವ ಅಕ್ಷರವನ್ನು ಎಳೆಯಬೇಕು, ರಾಗದ ಯಾವ ಸ್ವರದ ಮೇಲೆ ತೂಗಿ ಮುಂದಿನ ಸಾಲಿಗೆ ದಾಟಬೇಕು ಎಂಬುದನ್ನೆಲ್ಲ ಓದುವವರೇ ತೀರ್ಮಾನಿಸಬೇಕು. ನೀವು ನಗುತ್ತಿದ್ದ ಆ ಸಂಜೆಗಳಲ್ಲಿ ಜಗಲಿಯ ಮೇಲೆ ನಡೆಯುತ್ತಿದ್ದದ್ದು ವ್ಯಾಕರಣ, ಛಂದಸ್ಸು, ಸಂಗೀತ, ಅರ್ಥ ಎಲ್ಲವೂ ಸೇರಿದ ಕೆಲಸ. ಕಲಿಕೆಯ ಅಭ್ಯಾಸ ಬೇರೆ, ಕಲೆಯ ಅಭ್ಯಾಸ ಬೇರೆ ಎಂದು ನೀವು ಪುಟ ಹಂಚಿದ್ದೀರಿ. ಅತ್ತೆಯ ಬಾಯಲ್ಲಿ ಅವೆರಡಕ್ಕೆ ಗಡಿಯೇ ಇಲ್ಲ.

ಕೊನೆಗೆ ಅವರು ಎಲ್ಲಿ ಉಸಿರು ತೆಗೆದುಕೊಂಡರು? ಯಾವ ರಾಗ? ಅದನ್ನು ಯಾರಿಂದ ಕಲಿತರು? ‘ಇಲ್ಲಿ ಉಸ್ರು ತಗಂಡ್ರೆ ಅರ್ಥ ಮುರ್ದು ಹೋಗ್ತದೆ ಕಣೆ’ ಎಂದು ಅವರು ಒಮ್ಮೆ ಅಂದದ್ದನ್ನು ನೀವು ಬರೆದು, ಹೊಡೆದುಹಾಕಿ, ಮೇಲೆ ‘ಇಲ್ಲಿ ವಿರಾಮವನ್ನು ನೀಡಿದಲ್ಲಿ ಅರ್ಥಭಂಗವಾಗುತ್ತದೆ’ ಎಂದು ತಿದ್ದಿದ್ದೀರಿ. ಹೊಡೆದುಹಾಕಿದ್ದೇ ಸರಿ ಇತ್ತು, ಅದನ್ನು ವಾಪಸು ತನ್ನಿ. ಇಡೀ ಹಸ್ತಪ್ರತಿಯಲ್ಲಿ ವಿಷಯವನ್ನು ಒಳಗಿನಿಂದ ಬಲ್ಲವರ ಮಾತು ಅದೊಂದೇ.

ಬಾಯಿಪಾಠದ ಬಗ್ಗೆ ನಿಮ್ಮ ಸಿಟ್ಟು ಪ್ರಾಮಾಣಿಕವಾದದ್ದು, ಬಿ.ಎಡ್. ಮಾಡುವಾಗ ತರಗತಿಗಳಲ್ಲಿ ನೋಡಿ ನೊಂದು ಬರೆದಿದ್ದೀರಿ. ಆದರೂ ಅಲ್ಲಿ ಅವಸರವಿದೆ. ಗೈಡಿನ ಉತ್ತರವನ್ನು ಪರೀಕ್ಷೆ ಮುಗಿಯುವವರೆಗೆ ತಲೆಯಲ್ಲಿ ಇಟ್ಟುಕೊಳ್ಳುವುದನ್ನೂ ಒಂದು ಪಠ್ಯವನ್ನು ಜೀವಮಾನಕ್ಕೆಂದು ಕಂಠದಲ್ಲಿ ಇಟ್ಟುಕೊಳ್ಳುವುದನ್ನೂ ಒಂದೇ ಮಾತಿನಲ್ಲಿ ಬೈಯುವುದು ಸರಿಯಲ್ಲ. ನಮ್ಮ ಶಿವಮೊಗ್ಗದ ಮಗ್ಗುಲಲ್ಲೇ ವೇದಪಾಠಕ್ಕೆ ಹೆಸರಾದ ಮತ್ತೂರು ಇದೆ, ತುಂಗೆಯ ಆಚೆ ದಡದಲ್ಲಿ ಹೊಸಹಳ್ಳಿ. ವೇದಪಾಠದ ಕ್ರಮ ಗಮನಿಸಿ. ಸಂಹಿತೆ, ಅಂದರೆ ಸಂಧಿ ಸಮೇತವಾದ ಮಂತ್ರ, ಕಲಿತ ಮೇಲೆ ಪದಪಾಠ. ಅದರಲ್ಲಿ ಸಂಧಿ ಬಿಡಿಸಿ ಒಂದೊಂದೇ ಪದ ಹೇಳಬೇಕು. ಕ್ರಮದಲ್ಲಿ ಒಂದು-ಎರಡು, ಎರಡು-ಮೂರು ಎಂದು ಜೋಡಿಗಳು. ಜಟೆಯಲ್ಲಿ ಒಂದು-ಎರಡು, ಎರಡು-ಒಂದು, ಒಂದು-ಎರಡು. ಪದಗಳು ಹಿಂದುಮುಂದಾದಾಗ ಸಂಧಿ ಬದಲಾಗುತ್ತದೆ, ಸ್ವರ ಬದಲಾಗುತ್ತದೆ. ಗಮನ ತಪ್ಪಿದರೆ ಅಲ್ಲೇ ಸಿಕ್ಕಿಬೀಳುತ್ತೀರಿ. ಅರ್ಥ ತಿಳಿಯದೆಯೂ ಇದನ್ನು ಕಲಿಯಬಹುದು ಎಂಬ ನಿಮ್ಮ ಆಕ್ಷೇಪವನ್ನು ಒಪ್ಪುತ್ತೇನೆ. ಆದರೆ ಪದ ಎಲ್ಲಿ ಒಡೆಯುತ್ತದೆ ಎಂದು ಕಿವಿಗೆ ಹೇಳಿಕೊಡುವ ಈ ಪಾಠವೂ ನಿಮ್ಮ ಅತ್ತೆ ‘ರಾ’ದಲ್ಲಿ ನಿಂತದ್ದೂ ಹತ್ತಿರದ ನೆಂಟರು. ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಅಲ್ಲಿಯ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ನದಿಯ ಎರಡು ದಡದಲ್ಲಿರುವ ಈ ಎರಡು ವಿದ್ಯೆಗಳ ಬಗ್ಗೆ ಶಿವಮೊಗ್ಗ ಜಿಲ್ಲೆಯ ಲೇಖಕಿಯೊಬ್ಬರು ಒಂದು ಸಾಲೂ ಬರೆಯದೆ ಶಿಕ್ಷಣನೀತಿಯ ಮೇಲೆ ಒಂದೂವರೆ ಪುಟ ಬರೆದರೆ ನನಗೆ ಬೇಸರವಾಗುತ್ತದೆ.

ಯೂರೋಪಿನ ಭಾಗದಲ್ಲಿ ಹೆಸರುಗಳು ಹೆಚ್ಚು, ನೋಟ ಕಡಿಮೆ. ಐವರು ಚಿತ್ರಕಾರರನ್ನು ಹೆಸರಿಸಿ ‘ಇವರೆಲ್ಲರೂ ಮಹಾಕೃತಿಗಾಗಿ ಅಭ್ಯಾಸಚಿತ್ರಗಳನ್ನು ರಚಿಸಿದರು’ ಎಂದಿದ್ದೀರಿ. ನಿಮ್ಮ ತೀರ್ಮಾನ ಹಳಿ ತಪ್ಪುವುದು ಆ ‘ಮಹಾಕೃತಿಗಾಗಿ’ ಎಂಬಲ್ಲಿ. ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ 1508ರ ಸುಮಾರಿಗೆ ನೀಲಿ ಕಾಗದದ ಮೇಲೆ ಕುಂಚದಿಂದ ಜೋಡಿಸಿದ ಎರಡು ಕೈಗಳನ್ನು ಬರೆದ. ಫ್ರಾಂಕ್‌ಫರ್ಟಿನ ವ್ಯಾಪಾರಿ ಯಾಕೋಬ್ ಹೆಲ್ಲರ್ ಮಾಡಿಸಿದ ಚರ್ಚಿನ ದೊಡ್ಡ ಪೂಜಾಫಲಕದಲ್ಲಿ ಯೇಸುವಿನ ಒಬ್ಬ ಶಿಷ್ಯನ ಕೈಗಳಿಗೆಂದು ಮಾಡಿಕೊಂಡ ತಯಾರಿ ಅದು. ಫಲಕದ ನಡುವಿನ ಚಿತ್ರ 1729ರಲ್ಲಿ ಮ್ಯೂನಿಕ್‌ನ ಬೆಂಕಿಯಲ್ಲಿ ಹೋಯಿತು. ಕೈಗಳ ಕಾಗದ ಇವತ್ತಿಗೂ ವಿಯೆನ್ನಾದ ಆಲ್ಬರ್ಟಿನಾ ಸಂಗ್ರಹಾಲಯದಲ್ಲಿದೆ. ಫಲಕದ ಹೆಸರೇ ಕೇಳದವರು ಕೂಡ ಆ ಕೈಗಳನ್ನು ಬಲ್ಲರು. ಇಂಗ್ಲೆಂಡಿನ ಜಾನ್ ಕಾನ್‌ಸ್ಟಬಲ್ 1821 ಮತ್ತು 1822ರಲ್ಲಿ ಲಂಡನ್ ಪಕ್ಕದ ಹ್ಯಾಂಪ್‌ಸ್ಟೆಡ್‌ನಲ್ಲಿ ಕಾಗದದ ಮೇಲೆ ಎಣ್ಣೆಬಣ್ಣದಲ್ಲಿ ಬರೀ ಮೋಡಗಳನ್ನು ಬರೆದ. ಎಷ್ಟೋ ಹಾಳೆಗಳಲ್ಲಿ ನೆಲವೇ ಇಲ್ಲ. ಹಿಂಬದಿಯಲ್ಲಿ ತಾರೀಖು, ಹೊತ್ತು, ಗಾಳಿ ಯಾವ ದಿಕ್ಕಿನದು ಎಂದು ಗುರುತು ಹಾಕಿಕೊಂಡ. ಪ್ರದರ್ಶನಕ್ಕಿಡುವ ಉದ್ದೇಶವಿಲ್ಲದೆ ಮಾಡಿದ ಆ ಮೋಡಗಳನ್ನು ಇಂದು ಜನ ಅವುಗಳಿಗಾಗಿಯೇ ಹೋಗಿ ನೋಡುತ್ತಾರೆ. ಸಂಗೀತದ ಉದಾಹರಣೆ ಬೇಕಿದ್ದರೆ, ಪಿಯಾನೋದಲ್ಲಿ ಒಂದೊಂದು ಕೃತಿಗೆ ಬೆರಳಿನ ಒಂದೊಂದು ಕಷ್ಟವನ್ನು ಎತ್ತಿಕೊಂಡು ಶೊಪ್ಯಾಂ ಬರೆದ ಹನ್ನೆರಡು ಅಭ್ಯಾಸಗಳು 1833ರಲ್ಲಿ ಅಚ್ಚಾದವು. ಅವನ್ನು ಕಛೇರಿಗಳಲ್ಲೇ ನುಡಿಸುತ್ತಾರೆ.

ಇವುಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಿ. ನನ್ನ ಕೇಳಿದರೆ ಡ್ಯೂರರ್, ಏಕೆಂದರೆ ಅವನು ನಿಮ್ಮ ಕೊನೆಯ ವಾಕ್ಯಕ್ಕೆ ನೇರ ಎದುರು ನಿಲ್ಲುತ್ತಾನೆ. ಅತ್ತೆಯ ಅಭ್ಯಾಸ ವ್ಯರ್ಥವಾಯಿತು ಎಂದಿರಲ್ಲ, ಆ ಮಾತನ್ನು ನಾನು ಒಪ್ಪಲಾರೆ. ವೇದಿಕೆ ಸಿಕ್ಕಿದ್ದರೆ ಒಳ್ಳೆಯದಿತ್ತು. ಸಿಗದ್ದಕ್ಕೆ ಕಾರಣಗಳಿರಬಹುದು, ಅವುಗಳಲ್ಲಿ ಕೆಲವು ಅನ್ಯಾಯದವೂ ಇರಬಹುದು. ಹೊಸನಗರದ ಒಳಹಳ್ಳಿಯ ಹೆಂಗಸೊಬ್ಬರು ರಾತ್ರಿ ಕಾರ್ಯಕ್ರಮ ಮುಗಿಸಿ ಮನೆಗೆ ಬರುವುದು ಆಗ ಹೇಗೆ ಸಾಧ್ಯವಿತ್ತು, ಯಾರು ಬೇಡ ಅಂದರು, ಅವರೇ ಬೇಡ ಅಂದುಕೊಂಡರೇ, ಕೇಳಿ ಬರೆಯಿರಿ. ಅನ್ಯಾಯವಿದ್ದರೆ ಅದನ್ನು ಹೆಸರಿಟ್ಟು ಹೇಳಿ. ಆದರೆ ಆ ಕಾರಣಕ್ಕೆ ಅವರು ಮಾಡಿದ ಕೆಲಸವನ್ನು ಇಲ್ಲವೆನ್ನಬೇಡಿ. ‘ರಾ’ ಮತ್ತು ‘ಜೀವ’ದ ನಡುವೆ ಎಲ್ಲಿ ಉಸಿರಿರಬೇಕು ಎಂಬ ಪ್ರಶ್ನೆಯನ್ನು ಆ ಜಗಲಿಯಲ್ಲಿ ಒಬ್ಬರು ಪೂರ್ತಿ ಮನಸ್ಸಿಟ್ಟು ಎತ್ತಿಕೊಂಡರು. ಕೇಳಲು ಸಭೆ ಇಲ್ಲದಿದ್ದರೂ ಅದು ಪೂರ್ಣವಾದ ಕೆಲಸವೇ. ‘ಪಾಪ’ ಎಂಬ ಪದ ಏಳನೇ ಪುಟದಲ್ಲಿ ಹಲವು ಸಲ ಬಂದಿದೆ. ಅಷ್ಟನ್ನೂ ತೆಗೆಯಿರಿ.

ಭಾಷೆಯ ಬಗ್ಗೆ ಸ್ವಲ್ಪ. ‘ಅಭ್ಯಾಸವು ಬದುಕಿನ ಉಸಿರು’ ಎಂಬಂಥ ವಾಕ್ಯಗಳು ಬೇಡ; ನಿಮ್ಮ ಬರಹದಲ್ಲಿ ನಿಜವಾದ ಉಸಿರಿನ ಪ್ರಶ್ನೆಯೇ ಇದೆ, ಅದನ್ನು ಇವು ಮಸುಕು ಮಾಡುತ್ತವೆ. ‘ಮಾಡಲ್ಪಡುತ್ತದೆ’, ‘ಕಲಿಸಲ್ಪಡುತ್ತಿತ್ತು’ ಎಂದಿರುವಲ್ಲೆಲ್ಲ ಮಾಡಿದವರು ಯಾರು, ಕಲಿಸಿದವರು ಯಾರು ಎಂದು ಹೇಳಿ. ‘ಮಲೆನಾಡಿನ ಮಳೆ ಧೋ ಎಂದು ಸುರಿಯುತ್ತಿತ್ತು’ ಎಂಬ ಸಾಲು ನಮ್ಮ ಕಚೇರಿಗೆ ಬರುವ ಬಹುಪಾಲು ಬರಹಗಳಲ್ಲಿ ಇರುತ್ತದೆ. ಅದು ಆರಿದ್ರೆಯ ಮಳೆಯೋ ಪುಷ್ಯದ ಮಳೆಯೋ? ನಿಮ್ಮ ಮನೆಯಲ್ಲಿ ಕೇಳಿದರೆ ಹೇಳುತ್ತಾರೆ. ಕಾನ್‌ಸ್ಟಬಲ್ ಹಾಳೆಯ ಹಿಂದೆ ಬರೆದುಕೊಂಡದ್ದೂ ಇಂಥದ್ದನ್ನೇ.

ಈಗ ಮಾಡಬೇಕಾದ್ದು. ಅತ್ತೆ ಇನ್ನೂ ಓದುತ್ತಾರೆ ಎಂದು ಪತ್ರದಲ್ಲಿ ತಿಳಿಸಿದ್ದೀರಿ, ಸಂತೋಷ. ಅವರ ಹತ್ತಿರ ಕೂತು ಆ ಒಂದು ಷಟ್ಪದಿಯನ್ನು ಓದಿಸಿಕೊಳ್ಳಿ. ಮೊಬೈಲಿನಲ್ಲಿ ಧ್ವನಿಮುದ್ರಣ ಇರಲಿ, ಆದರೆ ಕೈಯಲ್ಲಿ ಪೆನ್ಸಿಲೂ ಪುಸ್ತಕವೂ ಇರಲಿ. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ಗೀಟು ಹಾಕಿ. ಇನ್ನೊಂದು ದಿನ ಹೋಗಿ ಅದೇ ಪದ್ಯ ಓದಿಸಿ ಗೀಟುಗಳು ಜಾಗ ಬದಲಿಸಿವೆಯೇ ನೋಡಿ. ಬದಲಿಸಿದ್ದರೆ ಏಕೆಂದು ಕೇಳಿ. ಆಮೇಲೆ ನೀವೇ ಬಾಯಿಬಿಟ್ಟು ಓದಿ, ಅವರು ತಿದ್ದಲಿ. ತಿದ್ದಿಸಿಕೊಂಡದ್ದನ್ನು ಬರೆಯಿರಿ. 1,500 ಪದಗಳವರೆಗೆ ಜಾಗ ಕೊಡುತ್ತೇನೆ.

ಎರಡು ಕೋರಿಕೆ. ಕುಮಾರವ್ಯಾಸನಲ್ಲಿ ಪಾಠಾಂತರಗಳಿವೆ, ಹಾಗಾಗಿ ಅತ್ತೆ ಬಳಸುವ ಪುಸ್ತಕ ಯಾವ ಮುದ್ರಣದ್ದೆಂದು ನೋಡಿ ಬರೆದು ಕಳಿಸಿ. ನಮ್ಮಲ್ಲಿ ಕರಡು ತಿದ್ದುವವರಿಗೆ ಅದು ಬೇಕು. ಮತ್ತೆ, ಅಚ್ಚಿಗೆ ಕೊಡುವ ಮೊದಲು ಬರೆದದ್ದನ್ನು ಅವರಿಗೆ ಓದಿ ಹೇಳಿ. ಅವರು ಬೇಡ ಅಂದ ಭಾಗವನ್ನು ನನಗೆ ಕಳಿಸಬೇಡಿ.

ವಿಶ್ವಾಸದಿಂದ,
ಸಂಪಾದಕ, ಶಿವಮೊಗ್ಗ