ಕಾನೂನು ಸಲಹೆ: ಐಪಿ ಹಾಕಿದರೆ ಸಾಲ ತೀರುವುದೇ?

ಪ್ರಶ್ನೆ: ಬಟ್ಟೆ ಅಂಗಡಿಯನ್ನು ನಷ್ಟದಿಂದ ಮುಚ್ಚಿ, ಈಗ ಖಾಸಗಿ ಸಂಸ್ಥೆಯೊಂದರಲ್ಲಿ ತಿಂಗಳಿಗೆ 28,000 ರೂಪಾಯಿ ಸಂಬಳಕ್ಕೆ ದುಡಿಯುತ್ತಿದ್ದೇನೆ. ಎರಡು ಕ್ರೆಡಿಟ್ ಕಾರ್ಡ್, ಒಂದು ಪರ್ಸನಲ್ ಲೋನ್ ಮತ್ತು ಕೈಸಾಲ ಸೇರಿ 11 ಲಕ್ಷ ಬಾಕಿಯಿದೆ. ಕೈಸಾಲ ಕೊಟ್ಟವರೊಬ್ಬರ ಬಳಿ ನನ್ನ ಸಹಿಯಿರುವ ಚೆಕ್ ಇದೆ. 2016ರ ಹೊಸ ದಿವಾಳಿ ಕಾಯಿದೆಯಂತೆ ಐಪಿ (ದಿವಾಳಿ ಅರ್ಜಿ) ಹಾಕಿದರೆ ಎಲ್ಲವೂ ಮನ್ನಾ ಆಗುತ್ತದೆ, ಅದಕ್ಕೂ ಮೊದಲು ನಿವೇಶನವನ್ನು ಪತ್ನಿಗೆ ದಾನಪತ್ರ ಮಾಡಿಕೊಡಿ ಎಂದು ಪರಿಚಯದವರು ಹೇಳುತ್ತಿದ್ದಾರೆ. ಏನು ಮಾಡಲಿ?
— ಓದುಗರು, ದಾವಣಗೆರೆ

ಉತ್ತರ: ಮೊದಲಿಗೆ, ದಾನಪತ್ರದ ಯೋಚನೆಯನ್ನು ಬಿಟ್ಟುಬಿಡಿ. ದಿವಾಳಿ ಅರ್ಜಿ ಸಲ್ಲಿಸುವ ಹಿಂದಿನ ಎರಡು ವರ್ಷಗಳಲ್ಲಿ ಪ್ರತಿಫಲವಿಲ್ಲದೆ ಮಾಡಿದ ಹಸ್ತಾಂತರವನ್ನು ನ್ಯಾಯಾಲಯ ರದ್ದುಪಡಿಸಬಹುದು. ಅಷ್ಟೇ ಅಲ್ಲ, ಇಲ್ಲಿಯವರೆಗೆ ವ್ಯಾಪಾರದಲ್ಲಿ ಸೋತವರೆಂದು ಕಾಣುತ್ತಿದ್ದ ನೀವು ಅಂದಿನಿಂದ ಆಸ್ತಿ ಬಚ್ಚಿಟ್ಟವರೆಂದು ಕಾಣುತ್ತೀರಿ.

2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳ ದಿವಾಳಿಗೆ ಪ್ರತ್ಯೇಕ ಭಾಗವಿರುವುದು ನಿಜ. ಆದರೆ ಅದು 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ಬಡ ಸಾಲಗಾರರಿಗೆಂದು ಅದರಲ್ಲಿ ಬರೆದಿರುವ ಋಣಮುಕ್ತಿಯ ಅಧ್ಯಾಯ ಜಾರಿಯಾದರೂ ನಿಮಗೆ ಸಿಗುವಂತಿಲ್ಲ, ಏಕೆಂದರೆ ಅದಕ್ಕೆ ವಾರ್ಷಿಕ ಆದಾಯ 60,000 ರೂಪಾಯಿ, ಆಸ್ತಿ 20,000 ರೂಪಾಯಿ, ಸಾಲ 35,000 ರೂಪಾಯಿ ಮೀರಬಾರದು. ಇಷ್ಟು ಕಡಿಮೆ ಮಿತಿಯನ್ನು ಯಾರನ್ನು ಕಣ್ಣಮುಂದೆ ಇಟ್ಟುಕೊಂಡು ನಿಗದಿಪಡಿಸಿದರೋ ತಿಳಿಯದು.

ಹಾಗಾಗಿ ನಿಮಗಿರುವುದು 1920ರ ಪ್ರಾಂತೀಯ ದಿವಾಳಿ ಕಾಯಿದೆ. ಜನ ಐಪಿ ಎನ್ನುವುದು ಇದರಡಿ ಸಲ್ಲಿಸುವ ಅರ್ಜಿಗೇ. ಸಾಲ 500 ರೂಪಾಯಿ ಮುಟ್ಟಿದ್ದರೆ ಮತ್ತು ಅದನ್ನು ತೀರಿಸಲು ನೀವು ಅಸಮರ್ಥರಾಗಿದ್ದರೆ ಅರ್ಜಿ ಹಾಕಬಹುದು. ನ್ಯಾಯಾಲಯ ದಿವಾಳಿಯೆಂದು ಘೋಷಿಸಿದ ಕೂಡಲೇ ನಿಮ್ಮ ಆಸ್ತಿ ನ್ಯಾಯಾಲಯದ ಅಥವಾ ಅದು ನೇಮಿಸಿದ ರಿಸೀವರ್ ಅವರ ವಶಕ್ಕೆ ಹೋಗುತ್ತದೆ ಮತ್ತು ಸಾಲ ಕೊಟ್ಟವರು ನ್ಯಾಯಾಲಯದ ಅನುಮತಿಯಿಲ್ಲದೆ ಪ್ರತ್ಯೇಕವಾಗಿ ವಸೂಲಿಗೆ ಇಳಿಯುವಂತಿಲ್ಲ. ಅಡಮಾನ ಪಡೆದವರಿಗೆ ಮಾತ್ರ ಈ ತಡೆ ಅನ್ವಯಿಸದು. ಸಾಲದಿಂದ ಬಿಡುಗಡೆ ಸಿಗುವುದು ಇದಾದ ನಂತರದ ಇನ್ನೊಂದು ಆದೇಶದಿಂದ. ಆಸ್ತಿಯಿಂದ ರೂಪಾಯಿಗೆ ಐವತ್ತು ಪೈಸೆಯಷ್ಟೂ ಹುಟ್ಟದಿದ್ದರೆ, ಅದು ನಿಮ್ಮ ಕೈಮೀರಿದ ಕಾರಣದಿಂದಾದದ್ದೆಂದು ನೀವೇ ತೋರಿಸಿಕೊಡಬೇಕು. ಸರ್ಕಾರಕ್ಕೆ ಸಲ್ಲಬೇಕಾದ ಬಾಕಿ ಮತ್ತು ವಂಚನೆಯಿಂದ ಮಾಡಿದ ಸಾಲ ಬಿಡುಗಡೆಯ ನಂತರವೂ ಉಳಿಯುತ್ತವೆ.

ಇನ್ನು ಚೆಕ್ಕಿನ ವಿಚಾರ. ಅದು ಬೌನ್ಸ್ ಆಗಿ, ನೋಟಿಸ್ ತಲುಪಿದ 15 ದಿನಗಳೊಳಗೆ ನೀವು ಹಣ ಕೊಡದಿದ್ದರೆ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೇ ಕಲಮಿನಡಿ ಕ್ರಿಮಿನಲ್ ಪ್ರಕರಣವಾಗುತ್ತದೆ. ಎರಡು ವರ್ಷದವರೆಗೆ ಸೆರೆ ಅಥವಾ ಚೆಕ್ ಮೊತ್ತದ ಎರಡರಷ್ಟು ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಐಪಿ ಹಾಕಿದ್ದೇನೆ ಎಂಬುದು ಅಲ್ಲಿ ರಕ್ಷಣೆಯಾಗದು. ಆದ್ದರಿಂದ ನಿಮ್ಮ ಸಾಲಗಳಲ್ಲಿ ಮೊದಲು ಮಾತುಕತೆಗೆ ತರಬೇಕಾದದ್ದು ಈ ಕೈಸಾಲವನ್ನು.

ಬ್ಯಾಂಕುಗಳ ಸಾಲದ ಬಗ್ಗೆ ನಿಮಗೆ ಅಷ್ಟು ಭಯ ಬೇಡ. ಅವು ದಾವೆ ಹೂಡಿ ಡಿಕ್ರಿ (ಹಣ ಕೊಡಬೇಕೆಂಬ ನ್ಯಾಯಾಲಯದ ಆದೇಶ) ಪಡೆದರೂ ನಿಮ್ಮ ಇಡೀ ಸಂಬಳ ಜಪ್ತಿಯಾಗುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಂತೆ ಮೊದಲ 1,000 ರೂಪಾಯಿ ಮತ್ತು ಉಳಿದುದರ ಮೂರನೇ ಎರಡು ಭಾಗವನ್ನು ಮುಟ್ಟುವಂತಿಲ್ಲ. ನಿಮ್ಮ ಲೆಕ್ಕದಲ್ಲಿ 19,000 ರೂಪಾಯಿ ಕೈಯಲ್ಲಿ ಉಳಿದು, ಜಪ್ತಿಗೆ ಸಿಗುವುದು 9,000 ರೂಪಾಯಿ ಮಾತ್ರ. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಸಂಬಳ ಜಪ್ತಿಯಾದ ಮೇಲೆ ಆ ಡಿಕ್ರಿಗಾಗಿ ಮತ್ತೆ ಸಂಬಳವನ್ನು ಮುಟ್ಟಲಾಗದು. ಭವಿಷ್ಯ ನಿಧಿಗೂ ರಕ್ಷಣೆಯಿದೆ. ನಿವೇಶನಕ್ಕೆ ಮಾತ್ರ ಇಂಥ ರಕ್ಷಣೆಯಿಲ್ಲ. ಕೇವಲ ಕೈಲಾಗದ ಕಾರಣಕ್ಕೆ ಸಾಲಗಾರನನ್ನು ಸೆರೆಗೆ ಕಳುಹಿಸಬಾರದೆಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ.

ಈ ಲೆಕ್ಕ ಬ್ಯಾಂಕಿನವರಿಗೂ ಗೊತ್ತಿರುವುದರಿಂದಲೇ ಒಂದೇ ಬಾರಿಯ ತೀರುವಳಿಗೆ (ಬಾಕಿಯಲ್ಲಿ ಸ್ವಲ್ಪ ಬಿಟ್ಟು ಒಮ್ಮೆಗೇ ಸಾಲ ಮುಗಿಸುವುದಕ್ಕೆ) ಅವರು ಒಪ್ಪುವ ಸಾಧ್ಯತೆಯಿರುತ್ತದೆ. ನನ್ನ ಅಭಿಪ್ರಾಯದಲ್ಲಿ, ನಿವೇಶನವನ್ನು ನ್ಯಾಯವಾದ ಬೆಲೆಗೆ ನೀವೇ ಮಾರಿ ಆ ಹಣವನ್ನು ಮುಂದಿಟ್ಟು ಮಾತನಾಡುವುದು ಐಪಿಗಿಂತ ಮೇಲು. ತೀರುವಳಿ ಪತ್ರ ಕೈಗೆ ಬರುವ ಮೊದಲು, ಏಜೆಂಟರ ಮಾತನ್ನು ನಂಬಿ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಕ್ರೆಡಿಟ್ ವರದಿಯಲ್ಲಿ ‘ಸೆಟಲ್ಡ್’ ಎಂಬ ಗುರುತು ಉಳಿದು ಮುಂದೆ ಸಾಲ ಸಿಗುವುದು ಕಷ್ಟವಾಗುತ್ತದೆ. ಸದ್ಯಕ್ಕೆ ಅದು ನಿಮಗೆ ಕೇಡೇನೂ ಅಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಲೋಕ ಅದಾಲತ್‌ನಲ್ಲಿ ಇತ್ಯರ್ಥ ಮಾಡಿಕೊಂಡರೆ ಶುಲ್ಕವಿಲ್ಲ, ಆದರೆ ಅಲ್ಲಿನ ತೀರ್ಪಿಗೆ ಮೇಲ್ಮನವಿಯೂ ಇಲ್ಲ. ಕಟ್ಟಲು ಸಾಧ್ಯವಾಗುವ ಕಂತಿಗೆ ಮಾತ್ರ ಒಪ್ಪಿಕೊಳ್ಳಿ.

ಪ್ರಶ್ನೆ: ಮೈಕ್ರೋಫೈನಾನ್ಸ್ ಸಂಘದ ಸಾಲದ ಎರಡು ಕಂತು ತಪ್ಪಿವೆ. ವಸೂಲಿಯವರು ರಾತ್ರಿ ಮನೆ ಬಾಗಿಲಲ್ಲಿ ಕೂರುತ್ತಾರೆ, ಜೈಲಿಗೆ ಹಾಕಿಸುತ್ತೇವೆ ಎನ್ನುತ್ತಾರೆ.
— ಓದುಗರು, ಕೊಪ್ಪಳ ಜಿಲ್ಲೆ

ಉತ್ತರ: ಅಮ್ಮಾ, ಹಣದ ಡಿಕ್ರಿಗಾಗಿ ಯಾವ ಹೆಂಗಸನ್ನೂ ಬಂಧಿಸುವಂತಿಲ್ಲ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಕಲಮೇ ಹೇಳುತ್ತದೆ. ಇಂತಹ ಸಾಲಗಳ ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡುವುದನ್ನೇ ರಿಸರ್ವ್ ಬ್ಯಾಂಕಿನ ನಿರ್ದೇಶನ ಕಿರುಕುಳವೆಂದು ಪರಿಗಣಿಸುತ್ತದೆ. ನಿಗದಿತ ಸ್ಥಳಕ್ಕೆ ನೀವು ಸತತ ಎರಡು ಬಾರಿ ಬಾರದಿದ್ದರೆ ಮಾತ್ರ ಅವರು ಮನೆಗೆ ಬರಬಹುದು. ಬಂದವರ ಹೆಸರು, ಹೊತ್ತು ಬರೆದಿಟ್ಟು ಸಂಸ್ಥೆಗೆ ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ) ಉಚಿತವಾಗಿ ದೂರಬಹುದು. ಬೆದರಿಕೆಯಿದ್ದರೆ ಕಾಯದೆ ಪೊಲೀಸ್ ಠಾಣೆಗೆ ಹೋಗಿ. ಸಾಲ ಕೊಟ್ಟವರು ನೋಂದಣಿಯೇ ಇಲ್ಲದ ಲೇವಾದೇವಿದಾರರಾಗಿದ್ದರೆ ಕರ್ನಾಟಕದ 2025ರ ಕಿರು ಸಾಲ ಕಾನೂನಿನಡಿ 10 ವರ್ಷದವರೆಗೆ ಶಿಕ್ಷೆಯಾಗಬಹುದು. ಮಹಿಳೆಯಾದ್ದರಿಂದ ನಿಮಗೆ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ, ಸಹಾಯವಾಣಿ 15100.

ಪ್ರಶ್ನೆ: ತೀರಿಹೋದ ತಂದೆಯ ಸಾಲವನ್ನು ಮಗನೇ ಕಟ್ಟಬೇಕೆ?
— ಓದುಗರು, ಹಾಸನ

ಉತ್ತರ: ಅವರಿಂದ ನಿಮಗೆ ಬಂದ ಆಸ್ತಿಯ ಮೌಲ್ಯದಷ್ಟು ಮಾತ್ರ. ನಿಮ್ಮ ಸ್ವಂತ ಸಂಪಾದನೆಗೆ ಆ ಹೊಣೆಯಿಲ್ಲ. ಆದರೆ ಆ ಸಾಲಕ್ಕೆ ನೀವು ಜಾಮೀನುದಾರರಾಗಿ ಸಹಿ ಹಾಕಿದ್ದೀರಾ ಎಂಬುದನ್ನು ಮೊದಲು ನೋಡಿಕೊಳ್ಳಿ. ಹಾಕಿದ್ದರೆ ಮಗನೆಂಬ ಕಾರಣಕ್ಕಲ್ಲದಿದ್ದರೂ ಜಾಮೀನುದಾರರಾಗಿ ಪೂರ್ತಿ ಸಾಲಕ್ಕೂ ನೀವು ಹೊಣೆ.