ಬಾಟಲಿಯಲ್ಲಿರುವುದು ಯಾವ ಟ್ಯಾಂಕಿನ ನೀರು?

ಅಣುವಿದ್ಯುತ್ ಸ್ಥಾವರಗಳು ಹೊರಬಿಡುವ ದ್ರವತ್ಯಾಜ್ಯದ ತಪಾಸಣೆ, ಅದರಲ್ಲಿ ಮನುಷ್ಯರ ಕೈಯಿಂದ ಆಗುವ ತಪ್ಪುಗಳು: ಈ ವಿಷಯವಾಗಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಉತ್ತರಿಸಿದ್ದೇವೆ.

ಕೈಗಾ ಸ್ಥಾವರದ ವಿಕಿರಣಶೀಲ ನೀರನ್ನು ಕಾಳಿ ನದಿಗೆ ಬಿಡುತ್ತಾರಂತೆ. ನಿಜವೇ? ಬಿಡುವ ಮೊದಲು ಯಾರು ನೋಡುತ್ತಾರೆ? (ಕಾರವಾರದ ಓದುಗರು)

ನಿಜ. ಕೈಗಾದ ನಾಲ್ಕು ಘಟಕಗಳು ತಂಪಿನ ನೀರನ್ನು ಕಾಳಿಯ ಕದ್ರಾ ಜಲಾಶಯದಿಂದ ತೆಗೆದುಕೊಂಡು ಅಲ್ಲಿಗೇ ಮರಳಿಸುತ್ತವೆ. ಸಂಸ್ಕರಿಸಿದ ದ್ರವತ್ಯಾಜ್ಯವೂ ಆ ದೊಡ್ಡ ಹರಿವಿನಲ್ಲಿ ಬೆರೆತು ಹೋಗುತ್ತದೆ. ಆದರೆ ನಲ್ಲಿ ತೆರೆದಿಟ್ಟ ಹಾಗೆ ಸದಾ ಹರಿಯುವುದಿಲ್ಲ. ಒಂದು ಟ್ಯಾಂಕು ತುಂಬಿದ ಮೇಲೆ ಅದನ್ನು ಮುಚ್ಚಿ, ಪರೀಕ್ಷಿಸಿ, ಅನುಮತಿ ಬರೆದು, ಒಂದು ಕಂತಾಗಿ ಬಿಡುತ್ತಾರೆ. ಭಾರಜಲ ಬಳಸುವ ಕೈಗಾದಂಥ ಅಣುಸ್ಥಾವರಗಳಲ್ಲಿ ನೀರನ್ನು ಹುಟ್ಟುವ ಜಾಗದಲ್ಲೇ ಬೇರೆ ಬೇರೆ ಮಾಡುತ್ತಾರೆ. ಸ್ನಾನದ ಮನೆ ಮತ್ತು ಲಾಂಡ್ರಿಯ ನೀರು ಒಂದು ಕಡೆ, ಪ್ರಯೋಗಾಲಯದ ರಾಸಾಯನಿಕ ಬೆರೆತ ನೀರು ಇನ್ನೊಂದು ಕಡೆ, ಟ್ರಿಟಿಯಂ (ವಿಕಿರಣಶೀಲ ಜಲಜನಕ) ಹೆಚ್ಚಿರುವುದು ಮತ್ತೊಂದು ಕಡೆ. ಲಾಂಡ್ರಿಯ ಸಾಬೂನು ನೀರು ವಿಕಿರಣಶೀಲ ವಸ್ತುವನ್ನು ನೀರಿನಿಂದ ಹಿಡಿದು ತೆಗೆಯುವ ಅಯಾನು ವಿನಿಮಯದ ರಾಳವನ್ನು ಕೆಡಿಸುತ್ತದೆ. ಆದ್ದರಿಂದ ನೀರನ್ನು ತಪ್ಪು ಗುಂಡಿಗೆ ಹರಿಸುವುದೇ ಸರಪಳಿಯ ಮೊದಲ ಮಾನವ ದೋಷವಾಗಬಹುದು.

ಮಿತಿ ಹಾಕುವುದು ಅಣುಶಕ್ತಿ ನಿಯಂತ್ರಣ ಮಂಡಳಿ. ಸಾರ್ವಜನಿಕರಿಗೆ ಎಲ್ಲ ಮಾರ್ಗಗಳಿಂದಲೂ ಸೇರಿ ವರ್ಷಕ್ಕೆ 1 ಮಿಲಿಸೀವರ್ಟ್ (ದೇಹಕ್ಕೆ ತಾಗುವ ವಿಕಿರಣದ ಮಾನ) ಮೀರಬಾರದು. ದ್ರವಕ್ಕೆ ಅದರಲ್ಲಿ ಸಿಗುವುದು ಒಂದು ಪಾಲು ಮಾತ್ರ. ಹೊರಗಿನ ನದಿ, ಮೀನು, ಹೂಳು, ಹಾಲು ಇವುಗಳ ಮಾದರಿ ನೋಡಲು ಭಾಭಾ ಅಣು ಸಂಶೋಧನಾ ಕೇಂದ್ರದ ಪರಿಸರ ಸಮೀಕ್ಷಾ ಪ್ರಯೋಗಾಲಯ ಪ್ರತಿ ಸ್ಥಾವರದ ಬಳಿಯೂ ಇರುತ್ತದೆ. ಆದರೆ ಆ ಪರೀಕ್ಷೆ ನಡೆಯುವ ಹೊತ್ತಿಗೆ ನೀರು ನದಿ ಸೇರಿಯಾಗಿರುತ್ತದೆ. ತಪ್ಪನ್ನು ತಡೆಯಬೇಕಾದ ಜಾಗ ಟ್ಯಾಂಕಿನ ಬಳಿ.

ನೀರು ಹೊರಬಿಡುವ ಕೊಳವೆಯ ಮೇಲೆ ವಿಕಿರಣ ಮಾಪಕ ಇರುತ್ತದಲ್ಲ? ಮಿತಿ ದಾಟಿದರೆ ತಾನಾಗಿ ವಾಲ್ವು ಮುಚ್ಚುವಾಗ ಮನುಷ್ಯರು ಬಾಟಲಿ ಹಿಡಿದು ಓಡಾಡುವುದೇಕೆ? (ದಾವಣಗೆರೆ)

ಆ ಮಾಪಕಕ್ಕೆ ಟ್ರಿಟಿಯಂ ಕಾಣುವುದಿಲ್ಲ. ಕೊಳವೆಯ ಮೇಲಿರುವುದು ಸಾಮಾನ್ಯವಾಗಿ ಸೋಡಿಯಂ ಅಯೊಡೈಡ್ ಹರಳು. ಅದು ಗಾಮಾ ಕಿರಣಗಳನ್ನು ಹಿಡಿಯುತ್ತದೆ. ಸೀಸಿಯಂ-137ರ, ಶಕ್ತಿಯ ಲೆಕ್ಕದಲ್ಲಿ 662 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಕಿರಣವನ್ನೂ ಕೋಬಾಲ್ಟ್-60ರ 1173 ಮತ್ತು 1332ರ ಜೋಡಿಯನ್ನೂ ಚೆನ್ನಾಗಿ ನೋಡುತ್ತದೆ. ಟ್ರಿಟಿಯಂ ಹೊರಬಿಡುವುದು ಬರೀ ಬೀಟಾ ಕಣ, ಅದೂ ಗರಿಷ್ಠ 18.6 ಕಿಲೋ ಎಲೆಕ್ಟ್ರಾನ್‌ವೋಲ್ಟ್. ನೀರಿನಲ್ಲಿ ಅದು ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟೂ ಸಾಗದು, ಕೊಳವೆಯ ಗೋಡೆ ದಾಟುವ ಮಾತೇ ಇಲ್ಲ. ಶುದ್ಧ ಬೀಟಾ ಹೊರಸೂಸುವ ಸ್ಟ್ರಾನ್ಷಿಯಂ-90 ಕೂಡ ಈ ಮಾಪಕಕ್ಕೆ ಹೆಚ್ಚುಕಡಿಮೆ ಅಗೋಚರ. ಅದನ್ನು ಅಳೆಯಲು ರಾಸಾಯನಿಕವಾಗಿ ಬೇರ್ಪಡಿಸಬೇಕು.

ಇಂಥ ಸ್ಥಾವರದಲ್ಲಿ ಭಾರಜಲದಲ್ಲಿರುವ ಭಾರದ ಜಲಜನಕ, ಅಂದರೆ ಡ್ಯೂಟೀರಿಯಂ, ನ್ಯೂಟ್ರಾನು ನುಂಗಿ ಟ್ರಿಟಿಯಂ ಆಗುವುದು ನಿತ್ಯದ ವ್ಯವಹಾರ. ಹೊರಬಿಡುವ ನೀರಿನಲ್ಲಿ ವಿಕಿರಣಶೀಲತೆಯ ಬಹುಪಾಲು ಅದರದ್ದೇ. ಹಾಗಾಗಿ ಅಲಾರಾಂ ಮೌನವಾಗಿದ್ದರೆ ಗಾಮಾ ಬಿಡುವ ವಸ್ತು ಹೆಚ್ಚಿಲ್ಲ ಎಂದಷ್ಟೇ ಅರ್ಥ. ಟ್ರಿಟಿಯಂ ವಿಷಯದಲ್ಲಿ ಕೊನೆಯ ಕಾವಲು ಕೈಯಲ್ಲಿ ತೆಗೆದ ಸ್ಯಾಂಪಲ್ಲೇ.

ಹಾಗಾದರೆ ತಪ್ಪು ಹೆಚ್ಚಾಗಿ ಎಲ್ಲಿ ಆಗುತ್ತದೆ? ಪ್ರಯೋಗಾಲಯದಲ್ಲೇ? (ಮೈಸೂರಿನ ಉಪನ್ಯಾಸಕರು)

ಪ್ರಯೋಗಾಲಯದಲ್ಲೂ ಆಗುತ್ತದೆ, ಆದರೆ ಅಲ್ಲಿ ಉಪಕರಣ, ಮಾನಕ ದ್ರಾವಣ, ಮರುಎಣಿಕೆ ಎಲ್ಲ ಇವೆ. ನಮ್ಮ ಅಭಿಪ್ರಾಯದಲ್ಲಿ ಹೆಚ್ಚು ಅಪಾಯದ ದಾರಿ ಟ್ಯಾಂಕಿನಿಂದ ಬಾಟಲಿಯವರೆಗಿನದು. ಬಾಟಲಿಯ ನೀರನ್ನು ಎಷ್ಟೇ ನಿಖರವಾಗಿ ಅಳೆಯಿರಿ, ಅದು ಹೊರಹೋಗಲಿರುವ ನೀರೇ ಆಗಿರದಿದ್ದರೆ ಆ ನಿಖರತೆ ದಂಡ.

ಮೊದಲನೆಯದು ಕಲಕದಿರುವುದು. ಕಲಕದೆ ಮೇಲಿನ ತಿಳಿಯನ್ನಷ್ಟೇ ನೆಕ್ಕಿ ಸಾರಿಗೆ ಉಪ್ಪು ಸಾಲದು ಎಂದಂತೆ. ಕೋಬಾಲ್ಟ್ ಅಂಟಿದ ತುಕ್ಕಿನ ಕಣಗಳು ತಳದ ಬಗ್ಗಡದಲ್ಲಿ ಕೂತಿರುತ್ತವೆ. ಪಂಪು ಹಾಕಿ ಟ್ಯಾಂಕಿನ ನೀರನ್ನು ಟ್ಯಾಂಕಿಗೇ ಸುತ್ತಿಸಬೇಕು, ಕನಿಷ್ಠ ಎರಡು ಟ್ಯಾಂಕಿನಷ್ಟು. ಟ್ಯಾಂಕು 50 ಘನಮೀಟರ್, ಪಂಪು ಗಂಟೆಗೆ 20 ಎಂದಿಟ್ಟುಕೊಳ್ಳಿ: 5 ಗಂಟೆ ಬೇಕು. ಸರಳ ಲೆಕ್ಕದಲ್ಲಿ ಒಂದು ಸುತ್ತಿಗೆ ನೀರಿನ ಶೇ. 37ರಷ್ಟು ಪಂಪನ್ನೇ ಕಂಡಿರುವುದಿಲ್ಲ, ಎರಡು ಸುತ್ತಿಗೆ ಶೇ. 14ರಷ್ಟು, ಮೂರಕ್ಕೆ ಶೇ. 5. ಪಂಪು ಶುರುವಾದ ಸಮಯವನ್ನು ಲಾಗ್‌ಬುಕ್ಕಿನಲ್ಲಿ ಬರೆಯದೆ ‘ಬೆಳಗಿನಿಂದ ಓಡ್ತಾ ಇದೆ’ ಎಂಬ ಮಾತಿನ ಮೇಲೆ ಸ್ಯಾಂಪಲ್ ತೆಗೆಯುವುದು ಇಲ್ಲಿನ ಮಾಮೂಲಿ ಎಡವಟ್ಟು.

ಎರಡನೆಯದು, ಸ್ಯಾಂಪಲ್ ಕೊಳವೆಯಲ್ಲಿ ನಿಂತ ಹಳೆಯ ನೀರು. ಒಳವ್ಯಾಸ 12 ಮಿಲಿಮೀಟರ್, ಉದ್ದ 20 ಮೀಟರ್ ಇರುವ ಕೊಳವೆಯಲ್ಲಿ ಸುಮಾರು 2.25 ಲೀಟರ್ ನಿಂತಿರುತ್ತದೆ. ನಲ್ಲಿ ತಿರುಗಿಸಿದ ಕೂಡಲೇ ಒಂದು ಲೀಟರ್ ಹಿಡಿದರೆ ನಿಮ್ಮ ಕೈಗೆ ಬಂದದ್ದು ಹಿಂದಿನ ಕಂತಿನ ನೀರು. ಮೂರು ಪಟ್ಟು, ಅಂದರೆ ಏಳು ಲೀಟರಿನಷ್ಟು ಚರಂಡಿ ಗುಂಡಿಗೆ ಬಿಟ್ಟು ಆಮೇಲೆ ಹಿಡಿಯಬೇಕು. ಏಳು ಲೀಟರ್ ಸಣ್ಣ ನಲ್ಲಿಯಲ್ಲಿ ಬರಲು ಹೊತ್ತು ಹಿಡಿಯುತ್ತದೆ. ಊಟದ ಸಮಯ ಹತ್ತಿರವಿದ್ದರೆ ಹೊತ್ತು ಇನ್ನೂ ಉದ್ದ.

ಮೂರನೆಯದು ಹೆಚ್ಚು ಮೋಸದ್ದು. ಸ್ಯಾಂಪಲ್ ತೆಗೆದ ಮೇಲೆ ಟ್ಯಾಂಕಿಗೆ ಹೊಸ ನೀರು ಸೇರುವುದು. ಒಳಬರುವ ವಾಲ್ವನ್ನು ಮುಚ್ಚಿದ್ದಾರೆ, ಚೀಟಿಯನ್ನೂ ಕಟ್ಟಿದ್ದಾರೆ, ಆದರೆ ವಾಲ್ವಿನ ಪೀಠ ಸವೆದು ಒಳಗೊಳಗೇ ಸೋರುತ್ತಿದೆ. ಇದಕ್ಕೆ ಮದ್ದು ಬಹಳ ಅಗ್ಗ: ಸ್ಯಾಂಪಲ್ ತೆಗೆದಾಗಿನ ಮಟ್ಟ, ಬಿಡುವ ಮುಂಚಿನ ಮಟ್ಟ, ಎರಡನ್ನೂ ಬರೆದು ಹೋಲಿಸುವುದು. 4 ಮೀಟರ್ ವ್ಯಾಸದ ಟ್ಯಾಂಕಿನಲ್ಲಿ 1 ಸೆಂಟಿಮೀಟರ್ ಏರಿದರೆ ಸುಮಾರು 126 ಲೀಟರ್ ಬಂದಿದೆ ಎಂದರ್ಥ. ಮಾಪಕದ ಅನಿಶ್ಚಿತತೆ ಮೀರಿ ಮಟ್ಟ ಏರಿದ್ದರೆ ಹಳೆಯ ಸ್ಯಾಂಪಲ್ಲನ್ನು ಚೆಲ್ಲಿ ಮೊದಲಿನಿಂದ ಶುರುಮಾಡಬೇಕು. ‘ಎರಡೇ ಸೆಂಟಿಮೀಟರ್ ತಾನೇ’ ಎನ್ನುವಂತಿಲ್ಲ. ಆ 250 ಲೀಟರ್ ಎಲ್ಲಿಂದ ಬಂತು ಎಂಬುದೇ ಗೊತ್ತಿಲ್ಲ.

ಇನ್ನು ಚೀಟಿ ಬರೆಯುವುದು. ಒಂದರ ಪಕ್ಕ ಒಂದು ಒಂದೇ ಬಣ್ಣದ ಮೂರು ಟ್ಯಾಂಕು. ಒಂದು ತುಂಬುತ್ತಿರುತ್ತದೆ, ಒಂದು ಪರೀಕ್ಷೆಯಲ್ಲಿ, ಒಂದು ಖಾಲಿಯಾಗುತ್ತಿರುತ್ತದೆ. ಬಾಟಲಿಗೆ ಚೀಟಿಯನ್ನು ತುಂಬುವ ಮೊದಲೇ, ಟ್ಯಾಂಕಿನ ಎದುರೇ ನಿಂತು ಅಂಟಿಸಬೇಕು. ಎರಡು ಬಾಟಲಿ ತುಂಬಿಕೊಂಡು ಮೇಜಿನ ಬಳಿ ಬಂದು ‘ಇದು ಎರಡು, ಇದು ಮೂರು’ ಎಂದು ಬರೆದರೆ ಅದಲುಬದಲಿಗೆ ಬಾಗಿಲು ತೆರೆದ ಹಾಗೆ.

ಪ್ರಯೋಗಾಲಯದ ಬಗ್ಗೆ ಎರಡು ಮಾತು. ಟ್ರಿಟಿಯಂ ಎಣಿಸಲು ಕೆಲವು ಮಿಲಿಲೀಟರ್ ನೀರನ್ನು ಬಟ್ಟಿ ಇಳಿಸಿ, ವಿಕಿರಣ ತಾಗಿದರೆ ಮಿನುಗುವ ದ್ರವದೊಂದಿಗೆ 20 ಮಿಲಿಲೀಟರ್ ಶೀಶೆಯಲ್ಲಿ ಬೆರೆಸುತ್ತಾರೆ. ಬಟ್ಟಿ ಇಳಿಸದೆ ಬಣ್ಣವೋ ಸಾಬೂನೋ ಉಳಿದರೆ ಮಿನುಗು ಮಂಕಾಗಿ ಎಣಿಕೆ ಕಡಿಮೆ ಬರುತ್ತದೆ. ಅದೇ ಅಪಾಯದ ದಿಕ್ಕಿನ ತಪ್ಪು. ಬೆರೆಸಿದ ಕೂಡಲೇ ಎಣಿಸಿದರೆ ರಾಸಾಯನಿಕ ಮಿನುಗಿನಿಂದ ಹೆಚ್ಚು ಬರುತ್ತದೆ. ಕತ್ತಲಲ್ಲಿಟ್ಟು ಕಾಯಬೇಕು. ಮಂದಕ ಭಾರಜಲದ (ರಿಯಾಕ್ಟರಿನೊಳಗೆ ನ್ಯೂಟ್ರಾನುಗಳ ವೇಗ ತಗ್ಗಿಸುವ, ಟ್ರಿಟಿಯಂ ತುಂಬಿದ ನೀರು) ಸ್ಯಾಂಪಲ್ ಮುಟ್ಟಿದ ಪಿಪೆಟ್ ಈ ಕೆಲಸಕ್ಕೆ ಬರಲೇಬಾರದು. ಅದರ ಒಂದು ಹನಿ ಸಾಕು ಲೆಕ್ಕ ಹಾರಲು.

ಬ್ಯಾಂಕಿನಲ್ಲಿ ನಾವು ಬರೆದವರೊಬ್ಬರು, ತಾಳೆ ನೋಡುವವರೊಬ್ಬರು ಎಂದು ಇಡುತ್ತೇವೆ. ಇಲ್ಲೂ ಎರಡು ಸಹಿ ಇದ್ದರೆ ತಪ್ಪು ಹೇಗೆ ನುಸುಳುತ್ತದೆ? (ಶಿವಮೊಗ್ಗ, ನಿವೃತ್ತ ಬ್ಯಾಂಕ್ ಅಧಿಕಾರಿ)

ನಿಮ್ಮ ಬ್ಯಾಂಕಿನಲ್ಲಿ ತಾಳೆ ನೋಡುವವರು ವೋಚರ್ ತೆರೆಯದೆ ಸಹಿ ಹಾಕಿದ್ದು ಎಂದೂ ಇಲ್ಲವೇ?

ಲೆಕ್ಕ ನೋಡಿ. ಒಬ್ಬರು ನೂರಕ್ಕೊಮ್ಮೆ ತಪ್ಪುತ್ತಾರೆ ಎನ್ನೋಣ. ಇಬ್ಬರೂ ನಿಜವಾಗಿ ಬೇರೆಬೇರೆಯಾಗಿ ನೋಡಿದರೆ ಹತ್ತು ಸಾವಿರಕ್ಕೊಮ್ಮೆ ಮಾತ್ರ ತಪ್ಪು ದಾಟೀತು. ಆದರೆ ಮಾನವ ದೋಷದ ಅಂದಾಜಿಗೆ ಅಣುಸ್ಥಾವರಗಳಲ್ಲಿ ಬಳಸುವ ಥರ್ಪ್ ಎಂಬ ವಿಧಾನ ಪರಸ್ಪರ ಅವಲಂಬನೆಯನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಅವಲಂಬನೆ ಹೆಚ್ಚಿದ್ದರೆ, ಮೊದಲಿನವರು ತಪ್ಪಿದಾಗ ಎರಡನೆಯವರೂ ತಪ್ಪುವ ಸಂಭವ ಒಂದಕ್ಕೆ ಮೂಲ ಸಂಭವ ಕೂಡಿಸಿ ಎರಡರಿಂದ ಭಾಗಿಸಿದಷ್ಟು: ಇಲ್ಲಿ 0.505. ಅಂದರೆ ಎರಡನೆಯ ಸಹಿ ತಪ್ಪುಗಳಲ್ಲಿ ಅರ್ಧವನ್ನು ಮಾತ್ರ ಹಿಡಿಯುತ್ತದೆ. ಜೊತೆಯಲ್ಲೇ ನಡೆದುಹೋಗಿ, ‘ಸರ್, ಇದು ಮುಚ್ಚಿದೆ ನೋಡಿ’ ಎಂದಾಗ ತಲೆಯಾಡಿಸುವುದು ಹೆಚ್ಚು ಅವಲಂಬನೆಯ ಉದಾಹರಣೆ. ಎರಡನೆಯವರು ಬೇರೆ ಹೊತ್ತಿನಲ್ಲಿ, ಖಾಲಿ ಪಟ್ಟಿ ಹಿಡಿದು, ವಾಲ್ವಿನ ಸಂಖ್ಯೆಯನ್ನೂ ಸ್ಥಿತಿಯನ್ನೂ ತಾವೇ ಓದಿ ಬರೆಯಬೇಕು. ಮೊದಲಿನವರ ಪಟ್ಟಿ ಅವರ ಕೈಯಲ್ಲಿರಬಾರದು.

ಅಮೆರಿಕದ ಸ್ಥಾವರಗಳ ಕ್ರಮದಲ್ಲಿ ಒಂದು ಒಳ್ಳೆಯ ಅಂಶವಿದೆ: ಹೊರಹರಿವಿನ ಮಾಪಕ ಕೆಟ್ಟಿದ್ದಾಗ ಬಿಡಬೇಕೆಂದರೆ ಕನಿಷ್ಠ ಎರಡು ಸ್ವತಂತ್ರ ಸ್ಯಾಂಪಲ್ ಪರೀಕ್ಷಿಸಬೇಕು, ಅರ್ಹರಾದ ಇಬ್ಬರು ಹರಿವಿನ ಲೆಕ್ಕವನ್ನೂ ವಾಲ್ವುಗಳ ಜೋಡಣೆಯನ್ನೂ ಪ್ರತ್ಯೇಕವಾಗಿ ತಾಳೆ ನೋಡಬೇಕು. ಒಂದೇ ಬಾಟಲಿಯಿಂದ ಎರಡು ಬಾರಿ ಎಣಿಸಿದರೆ ಅದು ಸ್ವತಂತ್ರ ಸ್ಯಾಂಪಲ್ ಆಗದು.

ಬೆರೆಸುವ ಲೆಕ್ಕ ಹೇಗೆ ಮಾಡುತ್ತಾರೆ? ಒಂದು ಉದಾಹರಣೆ ಕೊಡಿ. (ಸುರತ್ಕಲ್, ಎಂಜಿನಿಯರಿಂಗ್ ವಿದ್ಯಾರ್ಥಿ)

ಕಾಲ್ಪನಿಕ ಅಂಕಿ ಹಿಡಿಯೋಣ. ಟ್ಯಾಂಕಿನಲ್ಲಿ 50 ಘನಮೀಟರ್, ಟ್ರಿಟಿಯಂ ಲೀಟರಿಗೆ 2,00,000 ಬೆಕೆರೆಲ್ (ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಒಂದು ಬೆಕೆರೆಲ್). ಗಂಟೆಗೆ 10 ಘನಮೀಟರಿನಂತೆ ಬಿಡುತ್ತೀರಿ, ಬೆರೆಯುವ ತಂಪಿನ ನೀರು ಗಂಟೆಗೆ 20,000 ಘನಮೀಟರ್. 2,00,000ವನ್ನು 10ರಿಂದ ಗುಣಿಸಿ 20,010ರಿಂದ ಭಾಗಿಸಿ: ಲೀಟರಿಗೆ ಸುಮಾರು 100 ಬೆಕೆರೆಲ್. ಕುಡಿಯುವ ನೀರಿನಲ್ಲಿ ಟ್ರಿಟಿಯಂಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಟ್ಟ ಲೀಟರಿಗೆ 10,000. ಒಟ್ಟು ಹೊರಹೋಗುವುದು 50,000 ಲೀಟರ್ × 2,00,000, ಅಂದರೆ 1,000 ಕೋಟಿ ಬೆಕೆರೆಲ್. ನೀರು ಎಷ್ಟು ಬೆರೆಸಿದರೂ ಈ ಒಟ್ಟು ಮೊತ್ತ ಕರಗುವುದಿಲ್ಲ. ಅದಕ್ಕಾಗಿಯೇ ಸಾಂದ್ರತೆಗೊಂದು, ಒಟ್ಟು ಮೊತ್ತಕ್ಕೊಂದು ಮಿತಿ ಇರುತ್ತದೆ.

ತಪ್ಪು ಎಲ್ಲಿ? ನಿನ್ನೆಯ ಹಾಳೆಯಿಂದ 20,000 ನಕಲಾಗಿದೆ, ಇಂದು ಅರ್ಧ ಪಂಪುಗಳು ದುರಸ್ತಿಯಲ್ಲಿವೆ: ಸಾಂದ್ರತೆ ದುಪ್ಪಟ್ಟು. ಹಳೆಯ ಮಾನದ ಮೈಕ್ರೋಕ್ಯೂರಿಯೊಂದಿಗೆ ಗೊಂದಲವಾದರೆ ಇನ್ನೂ ಕಷ್ಟ. ಮಿಲಿಲೀಟರಿಗೆ 1 ಮೈಕ್ರೋಕ್ಯೂರಿ ಎಂದರೆ ಲೀಟರಿಗೆ 3.7 ಕೋಟಿ ಬೆಕೆರೆಲ್. ಹತ್ತರ ಘಾತದಲ್ಲಿ ಒಂದು ಅಂಕಿ ಜಾರಿದರೆ ಹತ್ತು ಪಟ್ಟು. ಲೆಕ್ಕ ಮಾಡುವ ಮೊದಲೇ ‘ಹಿಂದಿನ ಹತ್ತು ಕಂತುಗಳಲ್ಲಿ ಎಷ್ಟಿತ್ತು?’ ಎಂದು ನೋಡುವ ಅಭ್ಯಾಸ ಇಂಥ ಜಾರುವಿಕೆಗಳನ್ನು ಕಂಪ್ಯೂಟರಿಗಿಂತ ಚೆನ್ನಾಗಿ ಹಿಡಿಯುತ್ತದೆ.

ಅಲಾರಾಂ ಪದೇ ಪದೇ ಬಡಿಯುತ್ತಿದ್ದರೆ ಅದರ ಮಿತಿಯನ್ನು ಸ್ವಲ್ಪ ಏರಿಸುವುದು ತಪ್ಪೇ? (ರಾಯಚೂರು)

ತಪ್ಪು. ಆ ಮಿತಿ ಮೇಲಿನ ಲೆಕ್ಕದಿಂದಲೇ ಬಂದದ್ದು. ಹರಿವು ಬದಲಾಗದೆ ಅದು ಬದಲಾಗಬಾರದು. ಸಾಮಾನ್ಯ ಕಾರಣವೆಂದರೆ ಮಾಪಕದೊಳಗೆ ನೀರು ಹಾಯುವ ಕೋಶದ ಒಳಗೋಡೆಗೆ ಕೊಳೆ ಅಂಟಿ ಹಿನ್ನೆಲೆ ಎಣಿಕೆ ಏರಿರುವುದು. ಶುದ್ಧ ನೀರು ಹರಿಸಿ ತೊಳೆಯಬೇಕು. ಎಣಿಕೆ ಇಳಿಯದಿದ್ದರೆ ಕೋಶ ಬಿಚ್ಚಬೇಕು.

ಮೌನವಾಗಿರುವ ಮಾಪಕದ ಮೇಲೆ ಇನ್ನೂ ಹೆಚ್ಚು ಅನುಮಾನವಿರಲಿ. ಆರೋಗ್ಯವಾಗಿರುವ ಮಾಪಕ ಶುದ್ಧ ನೀರಿನಲ್ಲೂ ಒಂದಿಷ್ಟು ಹಿನ್ನೆಲೆ ತೋರಿಸುತ್ತದೆ. ಸೊನ್ನೆ ತೋರಿಸಿದರೆ ವಿದ್ಯುತ್ತೋ ಹರಳೋ ಸತ್ತಿದೆ. ದುರಸ್ತಿಯ ನಂತರ ಮಾಪಕದ ಪಕ್ಕದ ಸಣ್ಣ ವಾಲ್ವನ್ನು ತೆರೆಯಲು ಮರೆತರೆ ಅದು ನಿಂತ ನೀರನ್ನೇ ನೋಡುತ್ತಾ ಕೂತಿರುತ್ತದೆ, ಓದಿಕೆ ನಂಬುವಂತೆಯೇ ಇರುತ್ತದೆ. ಪ್ರತಿ ಕಂತಿಗೂ ಮೊದಲು ಪರೀಕ್ಷೆಗೆಂದು ಇಟ್ಟ ಸಣ್ಣ ವಿಕಿರಣ ಮೂಲವನ್ನು ಮಾಪಕಕ್ಕೆ ಹಿಡಿದು ಎಣಿಕೆ ಏರುವುದನ್ನು ನೋಡಬೇಕು, ಹರಿವಿನ ಸೂಚಕವನ್ನೂ ನೋಡಬೇಕು.

ಇಂಥ ತಪ್ಪು ನಿಜವಾಗಿ ನಡೆದದ್ದಿದೆಯೇ? 2009ರ ಕೈಗಾ ಘಟನೆ ಇದೇ ತಾನೇ? (ಬೆಂಗಳೂರು)

ಕೈಗಾದ್ದು ಇದಲ್ಲ. 2009ರ ನವೆಂಬರಿನಲ್ಲಿ ಅಲ್ಲಿ ಟ್ರಿಟಿಯಂ ಸೇರಿದ್ದು ಕಾರ್ಮಿಕರು ಕುಡಿಯುವ ನೀರಿನ ಕೂಲರಿಗೆ. ಯಾರೋ ಬೇಕೆಂದೇ ಬೆರೆಸಿದ್ದು ಎಂದು ಅಧಿಕಾರಿಗಳು ಹೇಳಿದರು. ಐವತ್ತಕ್ಕೂ ಹೆಚ್ಚು ಮಂದಿಯ ದೇಹ ಸೇರಿದ್ದು ವಾಡಿಕೆಯ ಮೂತ್ರ ಪರೀಕ್ಷೆಯಲ್ಲಿ ಗೊತ್ತಾಯಿತು. ನದಿಗೆ ಬಿಡುವ ವ್ಯವಸ್ಥೆಗೂ ಅದಕ್ಕೂ ಸಂಬಂಧವಿಲ್ಲ.

ಮಾನವ ದೋಷಕ್ಕೆ ತಕ್ಕ ಉದಾಹರಣೆ ಬ್ರಿಟನ್ನಿನ ಸೆಲ್ಲಾಫೀಲ್ಡ್, ನವೆಂಬರ್ 1983. ಅದು ಬಳಸಿದ ಇಂಧನದ ಮರುಸಂಸ್ಕರಣಾ ಘಟಕ, ವಿದ್ಯುತ್ ಸ್ಥಾವರವಲ್ಲ, ಆದರೆ ಪಾಠ ಒಂದೇ. ಶಿಫ್ಟಿನಿಂದ ಶಿಫ್ಟಿಗೆ ದಾಟುವಾಗ ಟ್ಯಾಂಕಿನಲ್ಲಿ ಏನಿದೆ ಎಂಬ ಮಾಹಿತಿ ಕೆಟ್ಟಿತು. ಹೆಚ್ಚು ವಿಕಿರಣಶೀಲ ದ್ರವವನ್ನು ಸಮುದ್ರಕ್ಕೆ ಬಿಡಬಹುದಾದದ್ದೆಂದು ತಿಳಿದು ಬಿಟ್ಟರು. ದ್ರಾವಕದ ಎಣ್ಣೆಪದರ ತೀರಕ್ಕೆ ತೇಲಿಬಂತು. ಸುಮಾರು 25 ಮೈಲಿ ಕಡಲತೀರವನ್ನು ಬಳಸಬೇಡಿ ಎಂದು ಸರ್ಕಾರ ಜನರಿಗೆ ಹೇಳಬೇಕಾಯಿತು. 1985ರಲ್ಲಿ ಕಂಪನಿಗೆ ಬಿದ್ದ ದಂಡ 10,000 ಪೌಂಡ್.

ಈಚಿನದ್ದು ಜಪಾನಿನ ಫುಕುಶಿಮಾ ದಾಯಿಚಿ, 7 ಫೆಬ್ರವರಿ 2024. ಸೀಸಿಯಂ ತೆಗೆಯುವ ಯಂತ್ರವನ್ನು ನೀರು ಹಾಯಿಸಿ ತೊಳೆಯುವಾಗ ಮುಚ್ಚಿರಬೇಕಿದ್ದ 16 ಕೈವಾಲ್ವುಗಳಲ್ಲಿ 10 ತೆರೆದೇ ಇದ್ದವು. ಕಟ್ಟಡದ ಗೋಡೆಯ ಗಾಳಿಕೊಳವೆಯಿಂದ ಕಲುಷಿತ ನೀರು ಸೋರಿ ನೆಲಕ್ಕೆ ಇಳಿಯಿತು. ಮೊದಲು 5.5 ಟನ್ ಎಂದರು, ಆಮೇಲೆ ಸುಮಾರು 1.5 ಟನ್ ಎಂದು ತಿದ್ದಿದರು. ಒಂದು ವಾಲ್ವು ಮರೆತರೆ ಮರೆವು ಎನ್ನಬಹುದು. ಹತ್ತು ಮರೆತರೆ ಯಾರೂ ಹಿಡಿ ಮುಟ್ಟಿ ನೋಡಿಲ್ಲ ಎಂದೇ ತಿಳಿಯಬೇಕಾಗುತ್ತದೆ.

ಸ್ಥಾವರದ ವರದಿಯಲ್ಲಿ ‘ಪತ್ತೆಮಿತಿಗಿಂತ ಕಡಿಮೆ’ ಎಂದಿದ್ದರೆ ಏನೂ ಇಲ್ಲ ಎಂದು ತಿಳಿಯಬಹುದೇ? (ಯಲ್ಲಾಪುರ)

ಪತ್ತೆಮಿತಿ, ಅಂದರೆ ಆ ಪರೀಕ್ಷೆಗೆ ಕಾಣುವ ಅತಿ ಕಡಿಮೆ ಪ್ರಮಾಣ, ಎಷ್ಟು ಎಂದು ಮೊದಲು ಕೇಳಿ. ಅದು ಎಣಿಸಿದ ಸಮಯದ ಮೇಲೆ ನಿಂತಿದೆ. ಹತ್ತು ನಿಮಿಷ ಎಣಿಸಿದ ಸ್ಯಾಂಪಲ್ಲಿಗೂ ಹತ್ತು ಗಂಟೆ ಎಣಿಸಿದ್ದಕ್ಕೂ ಅದು ಒಂದೇ ಅಲ್ಲ. ಅಮೆರಿಕದಲ್ಲಿ ಹೊರಬಿಡುವ ನೀರಿನ ಟ್ರಿಟಿಯಂಗೆ ಲೀಟರಿಗೆ 370 ಬೆಕೆರೆಲ್‌ವರೆಗಾದರೂ ಕಾಣುವಂತೆ ಎಣಿಸಬೇಕೆಂಬ ರೂಢಿ ಇದೆ. ಅಂಕಿ ಕೊಡದೆ ಬರೀ ‘ಕಡಿಮೆ’ ಎಂದು ಬರೆದ ಸಾಲನ್ನು ವರ್ಷದ ಮೊತ್ತಕ್ಕೆ ಸೊನ್ನೆಯೆಂದು ಕೂಡಿದ್ದಾರೆಯೇ, ಪತ್ತೆಮಿತಿಯಷ್ಟೇ ಇದೆಯೆಂದು ಕೂಡಿದ್ದಾರೆಯೇ ಎಂಬುದನ್ನೂ ಕೇಳಿ. ಕಾಳಿಯ ಹೂಳಿನಲ್ಲಿ ತುಸು ಸೀಸಿಯಂ-137 ಸಿಕ್ಕರೆ ತಕ್ಷಣ ಸ್ಥಾವರದತ್ತ ಬೆರಳು ತೋರಿಸಲಾಗದು. 1950 ಮತ್ತು 60ರ ದಶಕದ ಬಾಂಬ್ ಪರೀಕ್ಷೆಗಳ ಧೂಳಿನ ಪಾಲು ಎಲ್ಲ ಮಣ್ಣಿನಲ್ಲೂ ಇದೆ, ಸೀಸಿಯಂ-137ರ ಅರ್ಧಾಯುಷ್ಯ ಸುಮಾರು 30 ವರ್ಷ. ಸ್ಥಾವರಕ್ಕಿಂತ ಮೇಲಿನ ಹರಿವಿನ ಹೂಳಿನೊಂದಿಗೆ, ಸ್ಥಾವರ ಶುರುವಾಗುವ ಮೊದಲಿನ ಅಳತೆಗಳೊಂದಿಗೆ ಹೋಲಿಸಿ ನೋಡಬೇಕು.